ಪೂರಾ ಒಪ್ತೀನಿ

ಇಪ್ಪತ್ತನೆಯ ಪ್ರಶ್ನೆ ದಾಟುವ ಹೊತ್ತಿಗೆ ಚೆನ್ನಕೇಶವನಿಗೆ ತಾನು ಗೆಲ್ಲುತ್ತಿದ್ದೇನೆ ಎನ್ನಿಸತೊಡಗಿತ್ತು. ಇದರಲ್ಲಿ ಗೆಲ್ಲುವುದು ಸೋಲುವುದು ಏನೂ ಇಲ್ಲವೆಂದು ಮಗಳು ಪವಿತ್ರ ಮೊದಲೇ ಹೇಳಿದ್ದಳು. ಸರಿ ಉತ್ತರ, ತಪ್ಪು ಉತ್ತರ ಅಂತಿಲ್ಲವಂತೆ; ಫೋನು ನಲವತ್ತು ಮಾತು ಮುಂದಿಡುತ್ತದೆ, ಒಪ್ಪುತ್ತೀಯೋ ಇಲ್ಲವೋ ಹೇಳುತ್ತ ಹೋಗಬೇಕು, ಕೊನೆಗೆ ರಾಜಕೀಯದಲ್ಲಿ ನೀನು ಯಾವ ಕಡೆಯವನು ಅಂತ ಅದೇ ತೋರಿಸುತ್ತದೆ, ಅಷ್ಟೇ. ಅವಳ ಫ್ಯಾಕ್ಟರಿಯ ಲೈನಿನ ಹುಡುಗಿಯರೆಲ್ಲ ಊಟದ ಹೊತ್ತಿನಲ್ಲಿ ಮಾಡಿ ನೋಡಿ ಒಬ್ಬರನ್ನೊಬ್ಬರು ರೇಗಿಸಿಕೊಂಡಿದ್ದರಂತೆ. ಅಷ್ಟೇ ಅಂದರೆ ಹೇಗೆ? ಐವತ್ತೊಂಬತ್ತು ವರ್ಷದಲ್ಲಿ ಯಾರಾದರೂ ಅವನನ್ನು ಕೂರಿಸಿಕೊಂಡು, ಚೆನ್ನಕೇಶವ, ಈ ದೇಶ ಹೇಗೆ ನಡೆಯಬೇಕು ಅಂತೀಯ ಎಂದು ಕೇಳಿದ್ದುಂಟೇ? ಮೂವತ್ತು ವರ್ಷ ಹೊಸೂರಿನ ಗಾಡಿ ಕಂಪನಿಯ ಪೇಂಟ್ ಶಾಪಿನಲ್ಲಿ ಅವನನ್ನು ಕೇಳಿದ್ದು ಒಂದೇ ಮಾತು, ಬಣ್ಣ ಒಣಗಿತೇ ಅಂತ. ಹೋದ ವರ್ಷ ರಿಟೈರಾದ ಮೇಲೆ ಅದನ್ನೂ ಕೇಳುವವರಿಲ್ಲ. ಈಗ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಅವಲಪಲ್ಲಿಯ ತನ್ನ ಸ್ವಂತ ಮನೆಯ ವರಾಂಡದಲ್ಲಿ, ಎಣ್ಣೆ ನೀರು ಹಾಕಿಕೊಂಡ ತಲೆಗೆ ಟವೆಲ್ಲು ಸುತ್ತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅವನನ್ನು ಯಾರೋ ಕೇಳುತ್ತಿದ್ದಾರೆ. ಕೇಳುತ್ತಿರುವುದು ಫೋನಾದರೇನು, ಅವನು ಬೆನ್ನು ನೆಟ್ಟಗೆ ಮಾಡಿಕೊಂಡೇ ಉತ್ತರ ಕೊಡುತ್ತಿದ್ದ.

ಪ್ರಶ್ನೆಗಳು ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಇದ್ದವು, ಕನ್ನಡದಲ್ಲಿ ಇರಲಿಲ್ಲ. ಅದಕ್ಕೆ ಮೊದಲಿಗೇ ಅವನಿಗೆ ಸಿಟ್ಟು ಬಂದಿತ್ತು. 'ಯಾಕೆ, ನಮ್ಗೆ ರಾಜಕೀಯ ಇಲ್ವಂತಾ?' ಅಂದಿದ್ದ. 'ಅವ್ರಿಗೇನ್ ಗೊತ್ತಪ್ಪ ಈ ಕಡೆ ಕನ್ನಡದೋರು ಅವ್ರೆ ಅಂತ' ಎಂದು ಪವಿತ್ರ ನಕ್ಕಿದ್ದಳು. ಅವನು ಹತ್ತನೆಯ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ತಮಿಳು ಬಾಯಲ್ಲಿ ನೀರಿನ ಹಾಗೆ ಬರುತ್ತದೆ, ಓದುವುದು ತಡ. ಹಾಗಾಗಿ ಅವಳು ಮೆಟ್ಟಿಲ ಮೇಲೆ ಕೂತು ತಮಿಳಿನಲ್ಲಿ ಓದಿಕೊಂಡು ಅವನಿಗೆ ಕನ್ನಡದಲ್ಲಿ ಹೇಳುವುದು, ಅವನು ಉತ್ತರ ಕೊಡುವುದು, ಅವಳು ಒತ್ತುವುದು. ಐದು ಉತ್ತರಗಳು: ಪೂರಾ ಒಪ್ತೀನಿ, ಒಪ್ತೀನಿ, ಗೊತ್ತಿಲ್ಲ, ಒಪ್ಪಲ್ಲ, ಸುತರಾಂ ಒಪ್ಪಲ್ಲ. 'ಗೊತ್ತಿಲ್ಲ ಅನ್ನೋದನ್ನ ತೆಗ್ದಾಕು, ಅದು ನಮ್ಗೆ ಬ್ಯಾಡ' ಎಂದು ಅವನು ಶುರುವಿನಲ್ಲೇ ಹೇಳಿಬಿಟ್ಟಿದ್ದ. ಸರ್ಕಾರಿ ಆಸ್ಪತ್ರೆ ಹೆಚ್ಚಾಗಬೇಕೇ, ಪೂರಾ ಒಪ್ತೀನಿ. ದೊಡ್ಡ ಕಂಪನಿಗಳಿಗೆ ತೆರಿಗೆ ಕಡಿಮೆ ಮಾಡಬೇಕೇ, ಸುತರಾಂ ಒಪ್ಪಲ್ಲ. ದೇವರು ಬೇರೆ ಸರ್ಕಾರ ಬೇರೆ ಇರಬೇಕೇ ಅಂದಾಗ ಮಾತ್ರ ಬೆಟ್ಟದ ಮೇಲಿನ ಗುಡಿಯ ಕಡೆ ನೋಡಿ, 'ದೇವ್ರಿಗೆ ಸರ್ಕಾರ ಯಾಕ್ ಬೇಕು, ಒಪ್ತೀನಿ' ಎಂದ. ಹೇಳುತ್ತ ಹೇಳುತ್ತ ಅವನಿಗೇ ಆಶ್ಚರ್ಯ, ಇಷ್ಟೆಲ್ಲ ವಿಚಾರ ತನ್ನೊಳಗೆ ಯಾವಾಗ ಬಂದು ಕೂತಿತು ಅಂತ. ಅಯ್ಯೋ, ಮಂತ್ರಿ ಮಾಡಿದ್ದರೂ ನಡೆಸಿಕೊಂಡು ಹೋಗುತ್ತಿದ್ದೆನಲ್ಲ ಅನ್ನಿಸಿ ಒಳಗೊಳಗೇ ಉಬ್ಬಿದ.

ಇಪ್ಪತ್ತೆರಡನೆಯದಕ್ಕೆ ಪವಿತ್ರ ಒಂದು ಕ್ಷಣ ಅವನ ಮುಖ ನೋಡಿ ಓದಿದಳು. 'ಹೆಂಗಸ್ರು ನೈಟ್ ಶಿಫ್ಟ್ ಮಾಡೋದ್ರಲ್ಲಿ ತಪ್ಪಿಲ್ಲ.' ಚೆನ್ನಕೇಶವ ಗಂಟಲು ಸರಿಮಾಡಿಕೊಂಡು, 'ಪೂರಾ ಒಪ್ತೀನಿ' ಅಂದ. ಒಳಗೆ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದ ಹೆಂಡತಿ ಲಕ್ಷ್ಮಿದೇವಮ್ಮ 'ಹ್ಞೂಂ!' ಎಂದು ಬರಿಯ ಮೂಗಿನಲ್ಲಿ ಅಂದದ್ದು ವರಾಂಡದವರೆಗೂ ಕೇಳಿಸಿತು. ಎರಡು ವರ್ಷದ ಹಿಂದೆ ಪವಿತ್ರ ಡಿಪ್ಲೊಮಾ ಮುಗಿಸಿ ಫೋನಿನ ಬಿಡಿಭಾಗ ಮಾಡುವ ಫ್ಯಾಕ್ಟರಿಗೆ ಕಾಂಟ್ರಾಕ್ಟಿನ ಮೇಲೆ ಸೇರಿದಾಗ, ನೈಟ್ ಶಿಫ್ಟ್ ಹಾಕಿದರೆಂದು ಇದೇ ಮನುಷ್ಯ ಮೂರು ದಿನ ಮಾತು ಬಿಟ್ಟಿದ್ದ. ನಾಲ್ಕನೆಯ ದಿನ ತಾನೇ ಟಾರ್ಚು ಹಿಡಿದು ಬಸ್ಸು ಹತ್ತಿಸಿ ಬಂದಿದ್ದ ಅನ್ನುವುದೂ ನಿಜ. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. 'ಅದೇನಮ್ಮ ಹ್ಞೂಂ?' ಎಂದು ಒಳಗಿನ ಕಡೆ ಗದರಿದ. 'ನಾನೇನಂದೆ? ಕಾಳ್ ಹಾರ್ತು ಅಂದೆ' ಎಂದಳು ಅವಳು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಇಷ್ಟು ಹೊತ್ತು ನೆಟ್ಟಗಿದ್ದ ಬೆನ್ನು ಸ್ವಲ್ಪ ಬಾಗಿತು. ಅವನು ಟವೆಲ್ಲು ಬಿಚ್ಚಿ ಮತ್ತೆ ಸುತ್ತಿಕೊಂಡ.

ಇಪ್ಪತ್ತೇಳನೆಯದನ್ನು ಅವಳು ತಮಿಳಿನಲ್ಲಿ ಓದಿಕೊಳ್ಳುತ್ತಿದ್ದಾಗಲೇ ಅವನಿಗೆ ಅರ್ಥವಾಗಿಬಿಟ್ಟಿತು. ತನಗೆ ನಷ್ಟವಾದರೂ ಸರಿಯೇ, ಜೊತೆಯವರಿಗೆ ಅನ್ಯಾಯವಾದಾಗ ಕೆಲಸಗಾರ ಅವರ ಪಕ್ಕ ನಿಲ್ಲಬೇಕು. ಅವಳು ಕನ್ನಡದಲ್ಲಿ ಹೇಳುವುದಕ್ಕೆ ಮುಂಚೆಯೇ 'ಪೂರಾ ಒಪ್ತೀನಿ' ಎಂದು ಜೋರಾಗಿ ಅಂದ. ಅಷ್ಟು ಜೋರಾಗಿ ಅನ್ನಬೇಕಿರಲಿಲ್ಲ. ಪವಿತ್ರ ಹೆಮ್ಮೆಯಿಂದ ತಲೆಯಾಡಿಸಿ, 'ಇದು ನಿಂಗೆ ಕೇಳೋದೇ ಬ್ಯಾಡಾಗಿತ್ತು, ಸ್ಟ್ರೈಕ್ ಮಾಡ್ದವನು ನೀನು' ಎಂದು ಒತ್ತಿ ಮುಂದಕ್ಕೆ ಹೋದಳು. ಅಡುಗೆಮನೆಯಿಂದ ಈ ಸಲ ಏನೂ ಕೇಳಿಸಲಿಲ್ಲ. ಮೂಗಿನಲ್ಲಿ ಏನಾದರೂ ಅಂದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ. ಮುಂದಿನ ಪ್ರಶ್ನೆ ಏನಿತ್ತೋ, ಅದಕ್ಕೆ ಏನಂದನೋ. ಅವನ ಬಲಗೈ ತೊಡೆಯ ಮೇಲೆ ತಾನಾಗಿ ಮುಷ್ಟಿಯಾಗಿತ್ತು. ಮೂಕಂಡಪಲ್ಲಿಯ ಮುನೇಶ್ವರನ ಕಲ್ಲಿನ ಮುಂದೆ ಸಾಲು ನಿಂತಿದೆ, ಪೇಂಟ್ ಶಾಪಿನ ಮೂವತ್ತೆರಡು ಜನ, ಇಪ್ಪತ್ತೊಂದು ವರ್ಷದ ಹಿಂದೆ ಸ್ಟ್ರೈಕು ಶುರುವಾದ ಬೆಳಿಗ್ಗೆ. ಒಬ್ಬೊಬ್ಬನಿಗೂ ಒಂದೊಂದು ಬಿಲ್ಲೆ ಕರ್ಪೂರ ಹಚ್ಚುತ್ತಾರೆ. ಉರಿಯುವ ಕರ್ಪೂರದ ಮೇಲೆ ಅಂಗೈ ಬಡಿದು ಆರಿಸಬೇಕು. ಹಾಗೆ ಆರಿಸಿದವನು ತಪ್ಪಿ ನಡೆದರೆ ಉಳಿಯುವುದಿಲ್ಲ ಅಂತ ಈ ಕಡೆ ಎಲ್ಲರಿಗೂ ಗೊತ್ತು. ಲೀಡರ್ ತಿಮ್ಮರಾಜು, 'ಎಲ್ರನ್ನೂ ಪರ್ಮನೆಂಟ್ ಮಾಡೋವರ್ಗೂ ಒಬ್ನೂ ಗೇಟ್ ದಾಟಂಗಿಲ್ಲ, ಹೊಡೀರ್ಲಾ ಸತ್ಯ' ಎಂದು ಕೂಗುತ್ತಿದ್ದಾನೆ. ಮುಂದೆ ನಿಂತ ನಂಜಪ್ಪ ಫಟ್ಟನೆ ಹೊಡೆದು, ಬಿಸಿಗೆ ಕೈ ಕೊಡವಿ ನಗುತ್ತಾನೆ. ಆಮೇಲೆ ಚೆನ್ನಕೇಶವನ ಸರದಿ. ಅವನ ಅಂಗೈ ಕೆಳಗಿಳಿಯಿತು, ಕಲ್ಲಿಗೆ ಬಡಿಯಿತು, ಅದೇ ಗಳಿಗೆಗೆ ಗಾಳಿ ಬೀಸಿ ಪಕ್ಕದಲ್ಲಿದ್ದ ಕರ್ಪೂರ ಆರಿತು. 'ಆಯ್ತು, ಮುಂದೆ' ಅಂದ ತಿಮ್ಮರಾಜು. ಅಂಗೈಗೆ ತಾಕಿದ್ದು ಬರಿಯ ತಣ್ಣನೆ ಕಲ್ಲು. ಬೇಕೆಂದೇ ಪಕ್ಕಕ್ಕೆ ಹೊಡೆದನೇ, ಕೈ ನಡುಗಿತೇ, ಇಪ್ಪತ್ತೊಂದು ವರ್ಷ ಕೇಳಿಕೊಂಡರೂ ಅವನಿಗೆ ಉತ್ತರ ಸಿಕ್ಕಿಲ್ಲ. ಇದೊಂದಕ್ಕೆ ಮಾತ್ರ ಅವನು 'ಗೊತ್ತಿಲ್ಲ' ಒತ್ತಬೇಕು.

'ಅಪ್ಪಾ! ಎಂಬತ್ತೆಂಟು!' ಎಂದು ಪವಿತ್ರ ಕಿರುಚಿದಾಗ ಅವನು ಬೆಚ್ಚಿದ. ನಲವತ್ತೂ ಮುಗಿದು, ಫೋನು ನೂರಕ್ಕೆ ಅಷ್ಟು ಮಾರ್ಕು ಕೊಟ್ಟಿತ್ತು. ಅವಳು ಫೋನು ತಂದು ಅವನ ಮೂಗಿನ ಮುಂದೆ ಹಿಡಿದಳು. ನಾಲ್ಕು ಬಣ್ಣದ ಚೌಕ, ಅದರ ಎಡಗಡೆಯ ಅಂಚಿಗೆ, ಇನ್ನೊಂದು ಚೂರು ಹೋಗಿದ್ದರೆ ಆಚೆಗೇ ಬಿದ್ದುಹೋಗುತ್ತಿತ್ತು ಅನ್ನುವಷ್ಟು ಅಂಚಿಗೆ, ಒಂದು ಕೆಂಪು ಚುಕ್ಕಿ. ಕೆಳಗೆ ತಮಿಳಿನಲ್ಲಿ ನಾಲ್ಕು ಸಾಲು. ನೀವು ದುಡಿಯುವವರ ಪರ ಗಟ್ಟಿಯಾಗಿ ನಿಲ್ಲುವವರು, ಲಾಭಕ್ಕಾಗಿ ನಿಲುವು ಬದಲಾಯಿಸುವವರಲ್ಲ ಎಂದು ಬರೆದಿದೆ ಅಂತ ಅವಳು ಓದಿ ಹೇಳಿದಳು. 'ನಂದು ಐವತ್ತೊಂದು, ನಡು ಮಧ್ಯ ಕೂತ್ಕೊಂಡದೆ ಚುಕ್ಕಿ, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ನಮ್ ಲೈನಲ್ಲಿ ಎಲ್ರಿಗಿಂತ ಜಾಸ್ತಿ ಅರವತ್ತೆಂಟು. ಎಲ್ಲಾ ನೋಡಿ ಸಾಯ್ಬೇಕು ಇವತ್ತು!' ಎಂದು ಆ ಚಿತ್ರವನ್ನು ಗೆಳತಿಯರ ಗುಂಪಿಗೆ ಕಳಿಸಿಯೇಬಿಟ್ಟಳು. ಅವಳ ಕಣ್ಣಲ್ಲಿ ಅಷ್ಟು ಹೆಮ್ಮೆ ಅವನು ಯಾವಾಗ ನೋಡಿದ್ದ? ಮನೆ ಕಟ್ಟಿದಾಗಲೂ ಇಲ್ಲ, ರಿಟೈರಾದ ದಿನ ಹಾರ ಹಾಕಿಸಿಕೊಂಡು ಬಂದಾಗಲೂ ಇಲ್ಲ. ಅವನ ಎದೆ ತುಂಬಿಬಂತು. ನಾಚಿಕೆಗೆಟ್ಟ ಎದೆ, ತುಂಬಬಾರದ ಹೊತ್ತಿನಲ್ಲೂ ತುಂಬುತ್ತದೆ. ಟಿಂಗ್ ಟಿಂಗ್ ಎಂದು ಗೆಳತಿಯರ ಉತ್ತರಗಳು ಬರತೊಡಗಿದವು. ಒಬ್ಬಳು ಚಪ್ಪಾಳೆ, ಒಬ್ಬಳು ಕೆಂಪು ಹೃದಯ, ಇನ್ನೊಬ್ಬಳು 'ಅಪ್ಪಾ ಸೂಪರ್'. ಅವನು ಒಂದೊಂದನ್ನೂ ಓದಿಸಿ ಕೇಳಿಸಿಕೊಂಡ.

ಪವಿತ್ರ ಒಳಗೆ ಹೋಗಿ ತನ್ನ ಊಟದ ಬ್ಯಾಗಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತಂದಳು. 'ಶುಕ್ರವಾರದಿಂದ ನನ್ ಹತ್ರನೇ ಅದೆ. ನಿಂಗೆ ಹೇಳ್ಲಿಲ್ಲ' ಅಂದಳು. ಅವಳ ದನಿ ಬದಲಾಗಿತ್ತು. ಲೈನಿನಲ್ಲಿ ಅವಳ ಪಕ್ಕ ನಿಲ್ಲುತ್ತಿದ್ದ ಶ್ಯಾಮಲಾ, ಜ್ವರ ಬಂದು, ಕಾಲು ಸೋತು ಹತ್ತು ನಿಮಿಷ ಒಂದು ಡಬ್ಬದ ಮೇಲೆ ಕೂತಳಂತೆ. ಮಾರನೆಯ ದಿನದಿಂದ ಬರಬೇಡ ಅಂದರಂತೆ. ಅವಳನ್ನು ವಾಪಸ್ಸು ತೆಗೆದುಕೊಳ್ಳಬೇಕು, ಲೈನಿನಲ್ಲಿ ಕೂರುವುದಕ್ಕೆ ಸ್ಟೂಲು ಇಡಬೇಕು ಎಂದು ಹುಡುಗಿಯರೇ ಸೇರಿ ಬರೆದ ಅರ್ಜಿ. ಇಪ್ಪತ್ತಾರು ಜನರಲ್ಲಿ ನಾಲ್ಕು ಜನ ಸಹಿ ಮಾಡಿದ್ದಾರೆ; ಉಳಿದವರೆಲ್ಲ ಪವಿತ್ರ ಹಾಕಿದರೆ ಹಾಕುತ್ತೇವೆ ಅಂತ ಅವಳ ಮುಖ ನೋಡುತ್ತಿದ್ದಾರೆ. ನಾಳೆ ಫಸ್ಟ್ ಶಿಫ್ಟಿಗೆ ಕೊಡಬೇಕು. ಎಲ್ಲರೂ ಕಾಂಟ್ರಾಕ್ಟಿನವರು, ಸಹಿ ಹಾಕಿದವರಿಗೂ ಶ್ಯಾಮಲಾಳ ಗತಿಯೇ ಆಗಬಹುದು. 'ಮೂರು ದಿನದಿಂದ ಇದೇ ಯೋಚ್ನೆ ಆಗಿತ್ತಪ್ಪ. ಹಾಕಾದಾ ಬ್ಯಾಡ್ವಾ, ಹಾಕಾದಾ ಬ್ಯಾಡ್ವಾ ಅಂತ. ಈಗ ನಿನ್ ಎಂಬತ್ತೆಂಟು ನೋಡಿದ್ಮೇಲೆ ಧೈರ್ಯ ಬಂತು. ನಿನ್ ಮಗಳಾಗಿ ನಾನು ನಡು ಮಧ್ಯ ಕೂತ್ಕಂಡ್ರೆ ಹೆಂಗೆ?' ಅಂದಳು. ಹಾಗಂದು, ಸಾಯಂಕಾಲ ಗೆಳತಿಯರು ಬರುತ್ತಾರೆ, ಅಷ್ಟರಲ್ಲಿ ಹಾಕಿಡುತ್ತೇನೆ ಎಂದು ಕಾಗದವನ್ನು ಹೊಲಿಗೆ ಮೆಷೀನಿನ ಮೇಲಿಟ್ಟು ಬಟ್ಟೆ ಒಗೆಯಲು ಹೋದಳು.

ಚೆನ್ನಕೇಶವ ಅವಳನ್ನು ತಡೆಯಬೇಕು ಅನ್ನಿಸಿ ಹಿತ್ತಲಿಗೆ ಹೋದ. 'ಒಂದ್ಸಲ ಯೋಚ್ನೆ ಮಾಡವ್ವ' ಅಂದ. 'ಏನ್ ಯೋಚ್ನೆ? ಇಪ್ಪತ್ತೇಳನೇದಕ್ಕೆ ನಾನು ಕೇಳೋಕ್ ಮುಂಚೆನೇ ಪೂರಾ ಒಪ್ತೀನಿ ಅಂದೋನು ನೀನು' ಎಂದು ಅವಳು ಸೋಪಿನ ಕೈಯಲ್ಲೇ ನಕ್ಕಳು. ಕೊತ್ತಂಬರಿ ಸೊಪ್ಪು ತರುತ್ತೇನೆಂದು ಅವನು ಅಂಗಿ ಸಿಕ್ಕಿಸಿಕೊಂಡು ಹೊರಬಿದ್ದ. 'ಸೊಪ್ಪು ಅದೆಯಲ್ಲ ಮನೇಲಿ' ಎಂದ ಲಕ್ಷ್ಮಿದೇವಮ್ಮನ ಮಾತಿಗೆ ತಿರುಗಿ ನೋಡಲಿಲ್ಲ.

ಬಿಸಿಲು ಏರಿತ್ತು. ರಸ್ತೆಯ ತುದಿಯಲ್ಲಿ ಯಾವುದೋ ಕಂಪನಿಯ ಬಸ್ಸು ಹುಡುಗಿಯರನ್ನು ತುಂಬಿಕೊಂಡು ಹೋಯಿತು, ಭಾನುವಾರವೂ ಬಿಡುವಿಲ್ಲದವರು, ಕಿಟಕಿಗೆ ತಲೆ ಆನಿಸಿ ಆಗಲೇ ನಿದ್ದೆ. ಇಪ್ಪತ್ತೊಂದು ವರ್ಷದ ಹಿಂದೆ ತಾನು ಹತ್ತಿದ ವ್ಯಾನಿನ ಕಿಟಕಿಗಳಿಗೆ ಮಾತ್ರ ಒಳಗಡೆಯಿಂದ ಪೇಪರು ಅಂಟಿಸಿದ್ದರು. ಸ್ಟ್ರೈಕಿನ ಒಂಬತ್ತನೆಯ ದಿನ, ಬೆಳಿಗ್ಗೆ ಐದೂವರೆಗೆ, ನೀಲಗಿರಿ ತೋಪಿನ ಹಿಂದೆ ಬಂದು ನಿಂತಿತ್ತು. ಹಿಂದಿನ ಸಂಜೆ ಸೂಪರ್‌ವೈಸರ್ ಮನೆಗೆ ಬಂದು, ಈಗ ಒಳಗೆ ಬಂದವರಿಗೆ ಪರ್ಮನೆಂಟ್ ಲೆಟರು, ಬರದವರ ಹೆಸರು ಹೊಡೆದುಹಾಕುತ್ತಾರೆ ಎಂದು ಹೇಳಿ ಒಂದು ಲೋಟ ನೀರು ಕುಡಿದು ಹೋಗಿದ್ದ. ವ್ಯಾನಿನಲ್ಲಿ ಆರು ಜನ; ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗೇಟಿನ ಹತ್ತಿರ ವ್ಯಾನು ನಿಧಾನವಾಯಿತು, ಹೊರಗೆ ಕೂಗು, ತಗಡಿನ ಮೇಲೆ ಅಂಗೈಗಳು ಬಡಿಯುವ ಸದ್ದು. ಪೇಪರಿನ ಕೆಳಗೆ ಎರಡು ಬೆರಳಿನಷ್ಟು ಜಾಗ ಬಿಟ್ಟಿತ್ತು. ಸೀಟಿನಲ್ಲಿ ಬಗ್ಗಿ ಕೂತ ಚೆನ್ನಕೇಶವನಿಗೆ ಅದರಲ್ಲಿ ಒಂದು ಕೈ ಕಂಡಿತು. ಬೆರಳಿನ ಸಂದಿನಲ್ಲಿ ಉಜ್ಜಿದರೂ ಹೋಗದ ಹಸಿರು ಬಣ್ಣ. ಸ್ಟ್ರೈಕಿಗೆ ಮುಂಚಿನ ವಾರ ಹಸಿರು ಹೊಡೆಯುತ್ತಿದ್ದವರು ಇಬ್ಬರೇ, ಅವನು ಮತ್ತು ನಂಜಪ್ಪ. ಎಂಟು ದಿನ ರಸ್ತೆಬದಿಯಲ್ಲಿ ಒಂದೇ ಹಂಡೆಯಲ್ಲಿ ಅನ್ನ ಬೇಯಿಸಿಕೊಂಡು ಉಂಡವರು. ಸ್ಟ್ರೈಕು ಇನ್ನೊಂದು ವಾರಕ್ಕೆ ಮುರಿದುಬಿತ್ತು. ಹನ್ನೊಂದು ಜನರನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ, ಅದರಲ್ಲಿ ನಂಜಪ್ಪನೂ ಒಬ್ಬ.

ಪವಿತ್ರ ಚಿಕ್ಕವಳಿದ್ದಾಗ ಕತೆ ಹೇಳು ಅಂತ ಕಾಡಿದರೆ ಅವನು ಸ್ಟ್ರೈಕಿನ ಕತೆ ಹೇಳುತ್ತಿದ್ದ. ಎಷ್ಟು ಚೆನ್ನಾಗಿ ಹೇಳುತ್ತಿದ್ದ! ಹಂಡೆಯ ಅನ್ನ, ಘೋಷಣೆ, ತಿಮ್ಮರಾಜುವಿನ ಮಾತು ಕೇಳಿ ಪೊಲೀಸಿನವನೂ ಚಪ್ಪಾಳೆ ತಟ್ಟಿದ್ದು, ಮಳೆ ಬಂದಾಗ ಮೂವತ್ತೆರಡು ಜನ ಒಂದೇ ಟಾರ್ಪಾಲಿನ ಕೆಳಗೆ ನಿಂತದ್ದು. ಎಲ್ಲವೂ ನಿಜ, ಒಂದು ಅಕ್ಷರ ಸುಳ್ಳಿಲ್ಲ. ಎಂಟನೆಯ ದಿನ ಆದಮೇಲೆ, 'ಆಮೇಲ್ ಮುಗೀತು, ಮಲೀಕೊ' ಅನ್ನುತ್ತಿದ್ದ. ಒಂಬತ್ತನೆಯ ದಿನ ಏನಾಯಿತು ಅಂತ ಮಗು ಒಂದು ದಿನವೂ ಕೇಳಲಿಲ್ಲ. ಕೇಳದಿದ್ದದ್ದು ಅವಳ ತಪ್ಪೇ? ತನ್ನಷ್ಟಕ್ಕೆ ತಾನು ವಾದ ಮಾಡಿಕೊಳ್ಳುವಾಗ ಮಾತ್ರ ಅವನು ಕರ್ಪೂರದ ಮಾತು ತೆಗೆಯುತ್ತಿದ್ದ. ಬೆಂಕಿ ಮುಟ್ಟಲಿಲ್ಲ, ಅಂದಮೇಲೆ ಸತ್ಯ ಮಾಡಿದಂತಾಗಲಿಲ್ಲ, ಮಾಡದ ಸತ್ಯಕ್ಕೆ ತಪ್ಪಿದಂತಾಗುವುದು ಹೇಗೆ? ದೇವರು ಉಳಿಸಿದ್ದಾನೆ, ನೋಡು, ಏನೂ ಆಗಿಲ್ಲ. ಮನೆಯಾಯಿತು, ಮಗಳು ಓದಿದಳು, ಬಿಪಿ ಕೂಡ ಇಲ್ಲ. ಮುನೇಶ್ವರನೂ ಒಪ್ಪಿದ ಲೆಕ್ಕ ಇದು ಅಂದುಕೊಂಡಿದ್ದ.

ನಂಜಪ್ಪ ಬಾಗಲೂರು ರಸ್ತೆಯಲ್ಲಿ ಗುಲಾಬಿ ಸಸಿ ಮಾರುತ್ತಾನೆ. ಆ ರಸ್ತೆಗೆ ಚೆನ್ನಕೇಶವ ಹೋಗುವುದಿಲ್ಲ. ಆದರೆ ಹೋದ ಶ್ರಾವಣದಲ್ಲಿ ಮೂಕಂಡಪಲ್ಲಿಯ ಒಂದು ಮದುವೆ ಊಟದ ಸಾಲಿನಲ್ಲಿ ಪಕ್ಕದ ಎಲೆಗೆ ಬಂದು ಕೂತವನು ಅವನೇ. ತಲೆ ಪೂರ್ತಿ ಬೆಳ್ಳಗಾಗಿತ್ತು. 'ಏನ್ಲಾ ಚೆನ್ನ, ಸಣ್ಣಗಾಗ್ಬುಟ್ಟಿದ್ದೀಯ' ಅಂದ. ಬಡಿಸುವವನನ್ನು ಕರೆದು, 'ಇವ್ರಿಗೆ ಇನ್ನೊಂದು ಹೋಳಿಗೆ ಹಾಕಪ್ಪ, ನಮ್ ಪೇಂಟ್ ಶಾಪ್‌ನೋರು, ತುಪ್ಪ ಜಾಸ್ತಿ ಬಿಡು' ಅಂದ. ಅದರಲ್ಲಿ ಕುಹಕವಿತ್ತೇ ಎಂದು ಚೆನ್ನಕೇಶವ ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದ. ಏನೂ ಇರಲಿಲ್ಲ. ಒಂದು ಬೈಗುಳ ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹೋಳಿಗೆಗೆ ಏನನ್ನುವುದು? ಎಲೆ ಬಿಟ್ಟು ಏಳುವ ಹಾಗಿಲ್ಲ, ಕೊನೆಯ ತುಂಡಿನವರೆಗೂ ತಿಂದ. ಈಗ ಸೊಪ್ಪಿನ ಅಂಗಡಿಯ ಮುಂದೆ ನಿಂತಾಗ ಅದು ನೆನಪಾಯಿತು. ನಾಳೆ ಪವಿತ್ರಳನ್ನೂ ಬರಬೇಡ ಅಂದರೆ? ಅವಳು ಮನೆಗೆ ಬಂದು, ಇರಲಿ ಬಿಡಪ್ಪ, ನಿನ್ನ ಹಾಗೆ ನಾನೂ ನಿಂತೆನಲ್ಲ ಎಂದು ಅವನ ಮುಖ ನೋಡಿ ನಕ್ಕರೆ? ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಈ ಊರಿನಲ್ಲಿ ಫ್ಯಾಕ್ಟರಿಗೇನು ಬರ. ಆ ನಗುವನ್ನು ಎದುರಿಸಿ ಕೂರುವುದು ಮಾತ್ರ ತನ್ನಿಂದಾಗದು. ಹಾಗಂತ ನಿಜ ಹೇಳಿಬಿಟ್ಟರೆ ಬೆಳಿಗ್ಗೆ ಕಂಡ ಆ ಕಣ್ಣು ಇನ್ನು ಯಾವತ್ತೂ ಸಿಗುವುದಿಲ್ಲ. 'ಸಾರ್, ಎಷ್ಟು ಕಟ್ಟು ವೇಣುಂ?' ಎಂದು ಅಂಗಡಿಯವಳು, ಬೇಕೋ ಬೇಡವೋ ಅನ್ನುವಂತೆ, ಎರಡನೆಯ ಸಲ ಕೇಳಿದಳು. ಅವನು ಏನೂ ಕೊಳ್ಳದೆ ಮನೆಗೆ ತಿರುಗಿದ.

ಅವನು ಬಂದಾಗ ತಾಯಿ ಮಗಳು ಇಬ್ಬರೂ ನಡುಮನೆಯಲ್ಲಿದ್ದರು. ಚೆನ್ನಕೇಶವ ಕೂರಲಿಲ್ಲ. ಚಪ್ಪಲಿಯನ್ನೂ ಬಿಡಲಿಲ್ಲ, ಹೊಸ್ತಿಲಲ್ಲೇ ನಿಂತ. 'ಪವಿ, ಒಂಬತ್ತನೇ ದಿನ ನಾನು ಒಳಕ್ ಹೋಗ್ಬುಟ್ಟೆ ಕಣವ್ವ' ಅಂದ.

'ಎಲ್ಲಿಗೆ?'

'ಕಂಪ್ನಿ ಒಳಕ್ಕೆ. ಸ್ಟ್ರೈಕ್ ನಡೀತಿರ್ವಾಗ. ವ್ಯಾನಲ್ಲಿ ಬಗ್ಗಿ ಕೂತ್ಕಂಡು ಹೋದೆ. ಜೊತೇಲಿ ಉಂಡೋರೆಲ್ಲ ಗೇಟಲ್ಲಿ ನಿಂತಿದ್ರು. ಹನ್ನೊಂದು ಜನಕ್ಕೆ ಕೆಲ್ಸ ಹೋಯ್ತು. ನಂಗೆ ಪರ್ಮನೆಂಟ್ ಆಯ್ತು.'

ಪವಿತ್ರ ಅವನನ್ನೂ ಅಮ್ಮನನ್ನೂ ನೋಡಿದಳು. ಲಕ್ಷ್ಮಿದೇವಮ್ಮ ಗಡಬಡಿಸಿ ಎದ್ದಳು. 'ಈಗ್ಯಾಕ್ ಅದೆಲ್ಲ? ನಿಂಗೋಸ್ಕರ ಕಣಮ್ಮ ಹೋಗಿದ್ದು. ಮೂರ್ ವರ್ಷದ್ ಮಗೀನ ಇಟ್ಕಂಡು ಇನ್ನೇನ್ ಮಾಡಾರು...'

'ಸುಮ್ನಿರೇ!' ಎಂದು ಚೆನ್ನಕೇಶವ ಕೂಗಿದ ರಭಸಕ್ಕೆ ಇಬ್ಬರೂ ಬೆಚ್ಚಿದರು. ಅವನಿಗೆ ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದಿರಲಿಲ್ಲ. ಇಷ್ಟು ವರ್ಷ ತಪ್ಪಿಸಿಕೊಳ್ಳಲು ಏನೇನೋ ದಾರಿ ಹುಡುಕಿದ್ದ, ಕರ್ಪೂರ, ಗಾಳಿ, ಮುನೇಶ್ವರ. ಮಗಳ ನೆಪವೊಂದನ್ನು ಮಾತ್ರ ಯಾವತ್ತೂ ಮುಟ್ಟಿರಲಿಲ್ಲ. ಅಷ್ಟಾದರೂ ಅವನಿಗೆ ಮರ್ಯಾದೆಯಿತ್ತು. 'ಮಗೀನ್ ಮೇಲೆ ಹಾಕ್ಬ್ಯಾಡ. ನಂಗೆ ಭಯ ಆಯ್ತು. ಭಯ ಆಯ್ತು, ಹೋದೆ. ಅಷ್ಟೇ ಇರೋದು' ಅಂದ.

'ಹಂಗಾದ್ರೆ ಬೆಳಿಗ್ಗೆ ಹೇಳಿದ್ದೆಲ್ಲ ಸುಳ್ಳಾ?' ಪವಿತ್ರಳ ದನಿ ಸಣ್ಣಗಿತ್ತು. 'ಲೈನಲ್ಲಿ ಎಲ್ರಿಗೂ ಕಳ್ಸಿದೀನಲ್ಲಪ್ಪ ನಾನು.'

'ಸುಳ್ಳಲ್ಲ ಕಣವ್ವ. ನಂಗೆ ಅನ್ಸೋದು ಹಂಗೇನೇ. ಅವತ್ತೂ ಹಂಗೇ ಅನ್ಸಿತ್ತು. ಅದ್ರಲ್ಲಿ ನಿಂಗ್ ಏನ್ ಅನ್ಸುತ್ತೆ ಅಂತ ಕೇಳ್ತಾರೆ, ನೀನ್ ಏನ್ ಮಾಡ್ದೆ ಅಂತ ಒಂದೂ ಕೇಳ್ಲಿಲ್ಲ. ಕೇಳಿದ್ರೆ ಎಂಬತ್ತೆಂಟು ಬರ್ತಿರ್ಲಿಲ್ಲ.' ಹೊಲಿಗೆ ಮೆಷೀನಿನ ಮೇಲಿನ ಕಾಗದದ ಕಡೆ ಕೈ ತೋರಿಸಿದ. 'ನನ್ನನ್ನ ನೋಡ್ಕಂಡು ಸಹಿ ಹಾಕ್ಬ್ಯಾಡ ನೀನು. ಅದುಕ್ಕೇ ಹೇಳ್ದೆ.'

ಅವಳು ಎದ್ದು ಒಗೆದ ಬಟ್ಟೆಯ ಬಕೆಟ್ಟು ತೆಗೆದುಕೊಂಡು ಮೇಲಿನ ಮಾಳಿಗೆಗೆ ಹೋದಳು. ಒಂದೊಂದು ಬಟ್ಟೆಯನ್ನೂ ಝಾಡಿಸಿ ಕೊಡವುವ ಸದ್ದು ಕೆಳಗೆ ಕೇಳುತ್ತಿತ್ತು. ಪ್ರತಿ ಏಟೂ ಅವನ ಬೆನ್ನಿಗೇ ಬೀಳುತ್ತಿತ್ತು. ಲಕ್ಷ್ಮಿದೇವಮ್ಮ ಕಣ್ಣೊರೆಸಿಕೊಂಡು, 'ನೆಮ್ದಿ ಆಯ್ತಾ ಈಗ?' ಎಂದು ಕೇಳಿ ಒಳಗೆ ಹೋದಳು. ನೆಮ್ಮದಿಯೇನೂ ಆಗಿರಲಿಲ್ಲ. ಆದರೆ ಅವನು ತನಗೆ ತಾನು ಚಿಕ್ಕವನಾಗಿಯೂ ಕಾಣಲಿಲ್ಲ, ಅದೇ ವಿಚಿತ್ರ. ಬೆಳಿಗ್ಗೆ ಚಪ್ಪಾಳೆ ಬಂದಾಗ ಉಬ್ಬಿದ ಎದೆ ಬೇರೆ, ಈಗ ಹೊಸ್ತಿಲಲ್ಲಿ ಒಬ್ಬನೇ ನಿಂತವನ ಎದೆ ಬೇರೆ. ಇದರೊಳಗೆ ಯಾರೂ ಬಂದು ಏನನ್ನೂ ಕಿತ್ತುಕೊಂಡು ಹೋಗುವಂತಿಲ್ಲ. ಮಗಳು ಮಾತಾಡದಿದ್ದರೆ ಮಾತಾಡದಿರಲಿ. ತಾನು ಹೇಳಿದೆ. ಇಪ್ಪತ್ತೊಂದು ವರ್ಷ ತಡವಾಗಿ, ಬರಿಯ ಮೂರು ಜನರಿರುವ ಮನೆಯಲ್ಲಿ, ಆದರೂ ಹೇಳಿದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.

ಊಟಕ್ಕೆ ಅವಳು ಇಳಿಯಲಿಲ್ಲ. ಹಿಸುಕಿದ ಬೇಳೆಯ ಸಾರು, ಮುದ್ದೆ. ಚೆನ್ನಕೇಶವ ಎರಡು ತುತ್ತು ನುಂಗಿ ಎದ್ದ. ಮೂರು ಗಂಟೆಯ ಸುಮಾರಿಗೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಪವಿತ್ರ ಬಂದವಳೇ, 'ಆ ಹನ್ನೊಂದು ಜನದಲ್ಲಿ ನಿಂಗ್ ಬೇಕಾದೋರು ಯಾರಿದ್ರು?' ಎಂದು ಕೇಳಿದಳು.

'ನಂಜಪ್ಪ ಅಂತ. ಬಾಗಲೂರ್ ರೋಡಲ್ಲಿ ಗುಲಾಬಿ ಸಸಿ ಮಾರ್ತಾನೆ.'

'ಮಾತಾಡ್ಸಿದೀಯಾ?'

'ಅವ್ನು ಮಾತಾಡ್ಸಿದ. ನಾನ್ ಆಡ್ಲಿಲ್ಲ.'

ಅವಳು ಅವನನ್ನು ನೋಡಿದಳು. ಬೆಳಿಗ್ಗೆಯ ಕಣ್ಣಲ್ಲ ಇದು, ಅದು ಹೋಗಿತ್ತು. ಅಳೆದು ನೋಡುವ ಕಣ್ಣು. ಫ್ಯಾಕ್ಟರಿಯಲ್ಲಿ ಬಿಡಿಭಾಗಗಳನ್ನು ಹೀಗೇ ನೋಡುತ್ತಾಳೇನೋ, ಇಡುವುದೋ ಬಿಸಾಕುವುದೋ ಅಂತ. 'ಹೋಗಿ ಮಾತಾಡ್ಸು' ಅಂದಳು. 'ಆಡ್ತೀನಿ' ಅಂದ ಅವನು. ಅವಳು ಹೊಲಿಗೆ ಮೆಷೀನಿನ ಮೇಲಿನ ಕಾಗದವನ್ನು ಬಿಡಿಸಿ ನೆಲದ ಮೇಲೆ ಹಾಸಿ ಪೆನ್ನು ಹಿಡಿದು ಕೂತಳು. 'ನಿನ್ ಮಾರ್ಕ್ ನೋಡ್ಕಂಡು ಹಾಕ್ತಾ ಇಲ್ಲ ನಾನೀಗ' ಎಂದು ತಲೆಯೆತ್ತದೆ ಹೇಳಿದಳು. 'ಮ್ಯಾಲೆ ಕೂತ್ಕಂಡು ಯೋಚ್ನೆ ಮಾಡ್ದೆ. ನಂಗೂ ಭಯ ಆಗ್ತದೆ. ಆದ್ರೂ ಶ್ಯಾಮಲಾ ಜ್ವರ ಇಟ್ಕಂಡು ನನ್ ಪಕ್ಕದಲ್ಲೇ ನಿಂತಿದ್ಲು ಕಣಪ್ಪ. ನಾನೇ ಅವ್ಳಿಗೆ ಕೂತ್ಕೊ ಅಂದಿದ್ದು.'

ಅವನು ಬಾಗಿ ನೋಡಿದ. ನಾಲ್ಕು ಸಹಿಗಳು, ತಮಿಳಿನಲ್ಲಿ, ಪೂರ್ತಿ ಹೆಸರು ಕಾಣುವ ಹಾಗೆ ದುಂಡಗೆ ಬರೆದವು. ಇಲ್ಲಿ ಎಲ್ಲರೂ ಮಾಡುವ ಹಾಗೆ ಹೆಸರಿನ ಮುಂದೆ ಅಪ್ಪನ ಹೆಸರಿನ ಮೊದಲ ಅಕ್ಷರ, ಒಂದು ಚುಕ್ಕಿ. ಮೂರನೆಯದರ ಮುಂದೆ ಮಾತ್ರ ಏನೂ ಇರಲಿಲ್ಲ. 'ಇದ್ಯಾಕೆ ಬರೀ ಹೆಸ್ರು?' ಎಂದು ಕೇಳಿದ. 'ಅವಳಪ್ಪ ಕುಡ್ದು ಅಮ್ಮನ್ನ ಹೊಡೀತಾನೆ. ಆ ಅಕ್ಷರ ನಂಗ್ ಬ್ಯಾಡ ಅಂತ ಬಿಟ್ಲು' ಎಂದಳು ಪವಿತ್ರ. ಐದನೆಯ ಸಾಲಿಗೆ ಪೆನ್ನು ಬಂದು ನಿಂತಿತು. ಚೆನ್ನಕೇಶವನಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಅಲ್ಲಿಂದ ಹೋಗಲೂ ಆಗಲಿಲ್ಲ. ನನ್ನ ಅಕ್ಷರ ಬಿಟ್ಟು ಬರೀ ಹೆಸರೇ ಬರೆಯಲಿ, ನನಗೆ ತಕ್ಕದ್ದು ಅದೇ ಎಂದುಕೊಂಡ. ಅವಳು ಯೋಚಿಸುತ್ತಿದ್ದಳು. ತಾನು ಅವಳಿಗೆ ಕೊಟ್ಟ ಎಲ್ಲವನ್ನೂ ಅವಳು ಒಂದೊಂದಾಗಿ ಎತ್ತಿ ನೋಡುತ್ತಿದ್ದಾಳೆ ಅನ್ನಿಸಿತು ಅವನಿಗೆ, ಹೇಳಿದ ಕತೆಯನ್ನೂ ಹೇಳದೆ ಬಿಟ್ಟಿದ್ದನ್ನೂ.

ಪೆನ್ನು ಇಳಿಯಿತು. ಮೊದಲು ಚೆ, ಆಮೇಲೆ ಒಂದು ಚುಕ್ಕಿ. ಆಮೇಲೆ ಪವಿತ್ರ ಎಂದು ತಡೆಯಿಲ್ಲದೆ ಬರೆದಳು. ನಾಳೆ ಬೆಳಿಗ್ಗೆ ಆ ಕಾಗದ ಗೇಟಿನ ಒಳಗೆ ಹೋಗುತ್ತದೆ, ಅವಳ ಹೆಸರಿಗಿಂತ ಒಂದು ಹೆಜ್ಜೆ ಮುಂದೆ ಅವನು.